ಹಾಲುಗಂಬದ ಬುಡದ ಪೈಪು

ಪಕ್ಕದ ಮನೆಯವಳು ಮೈ ಸುಟ್ಟುಕೊಂಡದ್ದು ಗ್ಯಾಸ್ ಪೈಪು ತೂತಾದದ್ದರಿಂದ ಅಲ್ಲ. ಆ ತೂತಿನ ಮೇಲೆ ನಮ್ಮ ಮನೆ ಮಂದಿ ಮಣ್ಣು ತುಂಬಿ ತುಳಿದದ್ದರಿಂದ. ಬೀದಿಯಲ್ಲಿ ಏನೇನೋ ಹೇಳುತ್ತಾರೆ. ಅವಳ ಬಚ್ಚಲಲ್ಲಿ ಸೀಮೆಎಣ್ಣೆ ಇತ್ತಂತೆ, ಮೊಬೈಲು ಸಿಡಿಯಿತಂತೆ, ಮದುವೆ ಮನೆಗೆ ಯಾರದೋ ಕಣ್ಣು ಬಿತ್ತಂತೆ. ಯಾವುದೂ ಅಲ್ಲ. ನಾನು ಅಲ್ಲೇ ನಿಂತಿದ್ದೆ, ನೋಡಿದ್ದೇನೆ.

ನಮ್ಮದು ರಾಮನಗರದ ಅಂಚಿನ ಒಂದು ಬೀದಿ. ಈಚೆಗೆ ಬೀದಿ ಅಗೆದು, ಹಳದಿ ಪೈಪು ಹೂತು, ಮನೆಮನೆಗೆ ಗ್ಯಾಸ್ ಕೊಟ್ಟರು. ಸಿಲಿಂಡರಿಗೆ ಕಾಯುವುದು ತಪ್ಪಿತು. ಪೈಪು ಹೋದ ಕಡೆಯೆಲ್ಲ ಮೊಣಕಾಲೆತ್ತರದ ಕಲ್ಲು ನೆಟ್ಟು, ಇಲ್ಲಿ ಅಗೆಯಬೇಡಿ, ಅಗೆಯುವ ಮೊದಲು ಫೋನು ಮಾಡಿ ಎಂದು ನಂಬರು ಬರೆದಿದ್ದರು. ನಾನು ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಅಕ್ಷರ ಕೂಡಿಸಿ ಕೂಡಿಸಿ ಓದಿದ್ದೆ. ನಮ್ಮ ಮನೆ ಮುಂದಿನ ಕಲ್ಲಿಗೆ ನನ್ನ ಮಗ ಕರು ಕಟ್ಟುತ್ತಿದ್ದ.

ಮೊಮ್ಮಗಳ ಮದುವೆ ಬಂತು. ನಮ್ಮಲ್ಲಿ ಚಪ್ಪರಕ್ಕೆ ಮೊದಲು ಹಾಲುಗಂಬ ನೆಡಬೇಕು. ಹುಡುಗಿಯ ಸೋದರಮಾವ ಹಸಿ ಅತ್ತಿ ಕೊಂಬೆ ಕಡಿದು ತರುತ್ತಾನೆ. ಮನೆ ಮುಂದೆ ಗುಣಿ ತೆಗೆದು, ಹಾಲು ತುಪ್ಪ ಬಿಟ್ಟು ನೆಡುತ್ತಾನೆ. ನೆಟ್ಟ ಮೇಲೆ ಮದುವೆ ಮುಗಿಯುವ ತನಕ ಯಾರೂ ಅಲುಗಿಸುವಂತಿಲ್ಲ. ಧಾರೆ, ಊಟ ಎಲ್ಲ ಈಗ ಚೌಲ್ಟ್ರಿಗೆ ಹೋಗಿದೆ, ಕಂಬ ಮಾತ್ರ ಮನೆ ಮುಂದೆಯೇ ಉಳಿದಿದೆ.

ಸೋದರಮಾವ ಎಂದರೆ ನನ್ನ ಸೊಸೆಯ ತಮ್ಮ. ಬೈರಮಂಗಲದ ಕಡೆ ಬೇಸಾಯ ಮಾಡುವವನು, ಹಾರೆ ಹಿಡಿದರೆ ನಿಲ್ಲಿಸಲು ಬಾರದವನು. ಚರಂಡಿ ಕೆಲಸದಲ್ಲಿ ಬೀದಿಯ ಮಣ್ಣು ಎತ್ತಿ ಒಯ್ದಿದ್ದರು, ಹಾಗಾಗಿ ಆಳದಲ್ಲಿದ್ದ ಪೈಪು ಈಗ ನೆಲದ ಮೇಲಕ್ಕೆ ಹತ್ತಿರವಾಗಿತ್ತು. ಅವನು ಗುಣಿ ತೋಡುವಾಗ ಮೊದಲು ಮಣ್ಣಿನೊಳಗಿಂದ ಇಂಗ್ಲಿಷ್ ಬರಹದ ಹಳದಿ ಪ್ಲಾಸ್ಟಿಕ್ ಪಟ್ಟಿ ಎದ್ದಿತು. ಕೆಳಗೆ ಪೈಪಿದೆ ಎಂಬ ಗುರುತು ಅದು, ಕಸವೆಂದು ಕಿತ್ತು ಎಸೆದ. ಮುಂದಿನ ಹಾರೆ ಏಟಿಗೆ ಗುಣಿಯೊಳಗಿಂದ ಬುಸ್ಸೆಂದಿತು. ಮಣ್ಣು ಹಾರಿ ಅವನ ಮುಖಕ್ಕೆ ಬಿತ್ತು. ಕೆಟ್ಟ ನಾತ.

ಮಗನಿಗೆ ಹೇಳಿದೆ. "ಫೋನ್ ಮಾಡು ಕಣ್ಲಾ. ಕಲ್ಲಿನ್ ಮ್ಯಾಲೆ ನಂಬ್ರ ಐತೆ."

"ಅವ್ರು ಬಂದ್ರೆ ಅಂಗಳ ಪೂರ್ತಿ ಬಗೆದಾಕ್ಬುಡ್ತಾರೆ ಕಣವ್ವ. ಮದ್ವೆ ಮುಗೀಲಿ."

ಸೊಸೆಯ ತಮ್ಮ ಮುಖ ಒರೆಸಿಕೊಂಡು, ಮುಹೂರ್ತ ಮೀರುತ್ತದೆ, ನೀವು ಒಸಿ ಆಚೆ ನಿಂತುಕೊಳ್ಳಿ ಅತ್ತೆ ಎಂದ. ಜೇಡಿಮಣ್ಣು ಕಲಸಿ ತಂದರು. ತೂತಿನ ಮೇಲೆ ಮೆತ್ತಿದರು. ಅದರ ಮೇಲೇ ಕಂಬ ನಿಲ್ಲಿಸಿ, ಹಾಲು ಹೊಯ್ದು, ಸುತ್ತ ಮಣ್ಣು ತುಂಬಿ, ನಾಲ್ಕು ಜನ ತುಳಿದರು. ಕರ್ಪೂರವನ್ನು ಅಲ್ಲಿ ಹಚ್ಚಲು ನಾನು ಬಿಡಲಿಲ್ಲ, ತಟ್ಟೆ ಕಿತ್ತುಕೊಂಡು ಹೊಸಿಲ ಹತ್ತಿರ ಇಟ್ಟೆ. ಮುದುಕಿಗೆ ಎಲ್ಲದಕ್ಕೂ ಭಯ ಎಂದು ನಕ್ಕರು. ಸದ್ದು ನಿಂತಿತ್ತು. ನಾತವೂ ಹೋಗಿತ್ತು. ಎಲ್ಲರೂ ಸರಿಹೋಯಿತು ಅಂದುಕೊಂಡು ಕಾಫಿ ಕುಡಿದರು.

ಪಕ್ಕದ ಮನೆಯವಳು ನನಗಿಂತ ಚಿಕ್ಕವಳು, ಅಕ್ಕ ಎನ್ನುತ್ತಾಳೆ. ರೇಷ್ಮೆ ನೂಲು ತೆಗೆಯುವ ಕೆಲಸ ಅವಳದು. ಗೂಡು ಬೇಯುವ ನೀರಿಗೆ ಬೆರಳು ಅದ್ದಿ, ಕಣ್ಣಿಗೆ ಕಾಣದ ಎಳೆ ಹಿಡಿದು ಎತ್ತುತ್ತಾಳೆ. ಆ ಸಂಜೆ ಕೆಲಸದಿಂದ ಬಂದು, ಬಚ್ಚಲ ಹಂಡೆಗೆ ಉರಿ ಹಾಕಲು ಕಡ್ಡಿ ಗೀರಿದಳು.

ಪಟಾಕಿಯ ಸದ್ದಲ್ಲ ಅದು. ದೊಡ್ಡ ಬಾಗಿಲನ್ನು ಯಾರೋ ಒದ್ದ ಹಾಗೆ. ಬಚ್ಚಲ ಮೇಲಿನ ಶೀಟು ಎದ್ದು ನಮ್ಮ ಅಂಗಳಕ್ಕೆ ಬಂದು ಒಡೆಯಿತು. ಅವಳು ನಡೆದುಕೊಂಡೇ ಹೊರಗೆ ಬಂದಳು. ಹುಬ್ಬು ಇರಲಿಲ್ಲ. ಎರಡೂ ಕೈ ಮುಂದಕ್ಕೆ ಚಾಚಿದ್ದಳು, ಮೊಣಕೈವರೆಗೆ ಚರ್ಮ ಸುಲಿದು ತೂಗುತ್ತಿತ್ತು. ಅಳಲಿಲ್ಲ.

"ಅಕ್ಕ, ಏನಾಯ್ತಕ್ಕ?" ಎಂದು ನನ್ನನ್ನೇ ಕೇಳಿದಳು.

ಇಷ್ಟು ವರ್ಷದಲ್ಲಿ ಹೆಣ ನೋಡಿದ್ದೇನೆ, ಹೆರಿಗೆ ನೋಡಿದ್ದೇನೆ, ಹಾಗೆ ಕಲ್ಲಾಗಿ ನಿಂತದ್ದು ಅದೇ ಮೊದಲು. ಆಟೋ ತಂದು ಆಸ್ಪತ್ರೆಗೆ ಕಳಿಸಿದೆವು. ಆಟೋ ತಿರುವು ದಾಟುವ ಮೊದಲೇ ನನ್ನ ಸೊಸೆ, ಗಂಡಿನ ಕಡೆಯವರಿಗೆ ತಿಳಿಯದಿರಲಿ ಎಂದಳು.

ಬೀದಿಯವರು ಯಾರೋ ಫೋನು ಮಾಡಿದ್ದರು. ಗ್ಯಾಸ್ ಕಂಪನಿಯವರು ಬಂದು, ಬೀದಿ ತುದಿಯ ಗುಂಡಿಯಲ್ಲಿ ವಾಲ್ವ್ ತಿರುಗಿಸಿ ನಾಲ್ಕು ಬೀದಿಗೆ ಗ್ಯಾಸ್ ನಿಲ್ಲಿಸಿದರು. ಒಲೆ, ಬೀಡಿ, ದೀಪ ಏನೂ ಹಚ್ಚಬೇಡಿ, ಕರೆಂಟ್ ಸ್ವಿಚ್ಚು ಮುಟ್ಟಬೇಡಿ ಎಂದು ಕೂಗಿ ಹೇಳಿದರು. ಕೈಯಲ್ಲಿ ಒಂದು ಮಿಷನ್ನು. ಮಣ್ಣಲ್ಲಿ ಸಣ್ಣ ಸಣ್ಣ ರಂಧ್ರ ಕೊರೆದು ಅದರ ಮೂತಿ ಇಟ್ಟರೆ, ಗ್ಯಾಸು ಇರುವಲ್ಲಿ ಕೀ ಎನ್ನುತ್ತದೆ. ಅವಳ ಬಚ್ಚಲಲ್ಲಿ ಕೂಗಿತು. ನಲ್ಲಿ ಪೈಪಿನ ಸಾಲಿನಲ್ಲಿ ಕೂಗುತ್ತಾ ನಮ್ಮ ಅಂಗಳಕ್ಕೆ ಬಂತು. ಹಾಲುಗಂಬದ ಹತ್ತಿರ ಬಂದು ಬಾಯಿ ಮುಚ್ಚಲೇ ಇಲ್ಲ.

ಅವಳಿಗೆ ನಾತ ಯಾಕೆ ಬಡಿಯಲಿಲ್ಲ ಎಂದು ಅವರಲ್ಲಿ ಇಂಜಿನಿಯರ್ ಆಗಿದ್ದವನನ್ನು ಕೇಳಿದೆ. ಗ್ಯಾಸಿಗೆ ಅದರದೇ ವಾಸನೆ ಇಲ್ಲವಂತೆ. ಜನಕ್ಕೆ ಗೊತ್ತಾಗಲಿ ಎಂದು ಕಂಪನಿಯವರು ನಾತ ಬೆರೆಸುವುದಂತೆ. ಮಣ್ಣಿನೊಳಗೆ ದೂರ ಹೋದರೆ ಆ ನಾತವನ್ನು ಮಣ್ಣೇ ಹೀರಿಬಿಡುತ್ತದಂತೆ.

"ತೂತನ್ನ ಹಂಗೇ ಬಿಟ್ಟು ದೂರ ನಿಂತಿದ್ರೆ ಮೇಲಕ್ಕೆ ಹೋಗಿ ಗಾಳಿಗೆ ಸೇರ್ಕೋತಿತ್ತು ಅಜ್ಜಿ. ಯಾರೋ ಮುಚ್ಚಿದ್ದಾರೆ. ದಾರಿ ಇಲ್ದೆ ನೆಲದೊಳಗೆ ಹರಿದಿದೆ."

ನಾವು ಕಾಫಿ ಕುಡಿಯುತ್ತಾ ಕೂತಾಗ ಅದು ನಮ್ಮ ಕಾಲಡಿಯಲ್ಲೇ ನಡೆದುಕೊಂಡು ಅವಳ ಮನೆಗೆ ಹೋಗಿತ್ತು.

ಈ ಕಂಬ ಎಷ್ಟು ಆಳ ಊರಿದ್ದೀರಿ ಎಂದು ಅವನು ಕೇಳಿದ. ಮೇಲೆ ಮೇಲೆ ಗೇಣುದ್ದ ಅಷ್ಟೇ ಎಂದಳು ಸೊಸೆ.

"ಸುಳ್ಳು" ಎಂದೆ. "ಮೊಳದ ಮ್ಯಾಲೈತೆ. ಹಾರೆ ಬಿದ್ದದ್ದೂ ಅಲ್ಲೇ."

ಮಗ ತಲೆ ತಗ್ಗಿಸಿದ. ಕಂಬ ಕೀಳಬೇಕು, ಗುಣಿ ತೆರೆದರೆ ಮಣ್ಣಿನಲ್ಲಿ ಉಳಿದ ಗ್ಯಾಸಿಗೆ ಮೇಲೆ ದಾರಿಯಾಗುತ್ತದೆ, ಪೈಪೂ ಸಿಗುತ್ತದೆ ಎಂದ ಇಂಜಿನಿಯರ್. ಸೊಸೆಯ ತವರಿನವರೆಲ್ಲ ಕಂಬದ ಸುತ್ತ ನಿಂತುಬಿಟ್ಟರು. ಹಾಲು ಹೊಯ್ದ ಕಂಬ ಕಿತ್ತರೆ ಹುಡುಗಿಯ ಬಾಳು ಕಿತ್ತ ಹಾಗೆ ಎಂದು ಕೂಗಾಡಿದರು. ಆ ಇಂಜಿನಿಯರೂ ನಮ್ಮ ಸೀಮೆಯವನೇ ಇರಬೇಕು, ಹಾಲುಗಂಬಕ್ಕೆ ಕೈ ಹಾಕಲು ಅಂಜಿದ. ಚರಂಡಿಯ ಚಪ್ಪಡಿಗಳನ್ನೆಲ್ಲ ಎತ್ತಿಸಿ, ಅಕ್ಕಪಕ್ಕದವರನ್ನು ಮನೆ ಬಿಡಿಸಿ, ಬೆಳಿಗ್ಗೆ ಪೊಲೀಸರ ಜೊತೆ ಬರುತ್ತೇನೆ ಎಂದ. ಕಾವಲಿಗೆ ಇಬ್ಬರನ್ನು ಬಿಟ್ಟ.

ಕಂಬ ಕಾಯುತ್ತಾ ಜಗಲಿಯಲ್ಲೇ ಉಳಿದ ನಮ್ಮವರನ್ನು ಬಿಟ್ಟರೆ, ಎದುರು ಮನೆಯವರು ಮಾತ್ರ ಹೊರಡಲಿಲ್ಲ. ಅಲ್ಲಿ ಹಸಿ ಬಾಣಂತಿ. ಅಷ್ಟು ದೂರ ಬರುತ್ತದೆಯೇ ಎಂದರು. ರಾತ್ರಿ ಪಕ್ಕದ ಮನೆಯವಳ ಗಂಡ ಆಸ್ಪತ್ರೆಯಿಂದ ಬಂದ. ಜೀವಕ್ಕೆ ಏನಿಲ್ಲವಂತೆ, ಬೆರಳು ಮಡಿಸಲು ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದಂತೆ.

ಬೆಳಕು ಹರಿಯಿತು. ಕಾವಲಿನವರ ಮಿಷನ್ನು ಎದುರು ಮನೆಯ ಗೋಡೆ ಬುಡದಲ್ಲಿ ಕೀ ಎಂದಿತು. ಒಳಗೆ ಬಾಣಂತಿಯ ಅವ್ವ ಮಗುವಿಗೆ ಸಾಂಬ್ರಾಣಿ ಹೊಗೆ ಹಾಕಲು ಇದ್ದಿಲು ಜೋಡಿಸುತ್ತಿದ್ದಳಂತೆ. ಇಬ್ಬರೂ ಕೂಗುತ್ತಾ ಆ ಮನೆಗೆ ಓಡಿದರು. ಕಂಬ ಕಾಯುತ್ತಿದ್ದ ನಮ್ಮವರೂ ಎದ್ದು ಅತ್ತ ಓಡಿದರು.

ನಾನು ಸೆರಗು ಸಿಕ್ಕಿಸಿ ಅಂಗಳಕ್ಕೆ ಇಳಿದು ಕಂಬ ತಬ್ಬಿ ಹಿಡಿದೆ. ಆಚೆಗೊಮ್ಮೆ ಈಚೆಗೊಮ್ಮೆ ಅಲುಗಿಸಿದೆ. ಸೊಸೆ ಓಡಿ ಬಂದು ನನ್ನ ರಟ್ಟೆ ಹಿಡಿದಳು.

"ಅತ್ತೆ, ನಿಮ್ಮ ಮೊಮ್ಮಗಳ ಮದ್ವೆ ಅತ್ತೆ."

"ಬುಡು ಕೈಯ. ಒಬ್ಬಳ್ನ ಸುಟ್ಟಿದ್ದು ಸಾಕು."

ಹಸಿ ಮಣ್ಣು, ಮೂರನೇ ಸಲಕ್ಕೆ ಸಡಿಲವಾಯಿತು. ಕಂಬವನ್ನು ಕಿತ್ತು ಕಾಂಪೌಂಡಿನ ಪಕ್ಕಕ್ಕೆ ಎಳೆದು ಹಾಕಿದೆ. ಆಮೇಲೆ ಮಂಡಿಯೂರಿ ಕೂತು, ಹಾಲು ಕುಡಿದ ಜೇಡಿಮಣ್ಣನ್ನು ಎರಡೂ ಕೈಯಲ್ಲಿ ಬಗೆದು ಹೊರಗೆ ಹಾಕುತ್ತಾ ಹೋದೆ, ಬೆರಳಿಗೆ ಆ ಒಡೆದ ಪೈಪು ಸಿಗುವ ತನಕ.