ಪೀಟಿ ಮೇಡಂ ಎಂ.ಎ. ಓದಿದ್ದು

ಶಾಲೆಯ ಮೈದಾನದಲ್ಲಿ ಅರ್ಧ ಆಯಸ್ಸು ಸೀಟಿ ಊದಿದ ಮೇಲೆ ಪೀಟಿ ಮೇಡಂ ಅವರ ಎಡಮಂಡಿ ಕೈಕೊಟ್ಟಿತು. ಓಡಲಾಗದ ಆಟದ ಟೀಚರನ್ನು ಇಟ್ಟುಕೊಂಡು ಮಾಡುವುದೇನೆಂದು ಶಾಲೆಯವರು ಹಾರ ಹಾಕಿ ಕಳಿಸಿಬಿಟ್ಟರು. ಮನೆಯಲ್ಲಿ ಕೂತು ನೊಣ ಹೊಡೆಯುವ ಜಾಯಮಾನ ಅವರದಲ್ಲ. ವಿಶ್ವವಿದ್ಯಾಲಯಕ್ಕೆ ಹೋಗಿ ಚರಿತ್ರೆಯ ಎಂ.ಎ.ಗೆ ಸೇರಿದರು. ಎರಡನೆಯ ವರ್ಷ ಯಹೂದಿಗಳ ನರಮೇಧದ ಚರಿತ್ರೆಯನ್ನು ವಿಶೇಷ ವಿಷಯವಾಗಿ ಆರಿಸಿಕೊಂಡರು.

“ಎಲ್ಲಿಯ ಜರ್ಮನಿ, ಎಲ್ಲಿಯ ನೀನು? ಈ ವಯಸ್ಸಲ್ಲಿ ಸತ್ತೋರ ಕಥೆ ಓದಿ ಏನು ಸಿಗುತ್ತೆ ನಿಂಗೆ?” ಎಂದಳು ಅಕ್ಕ.

ಮೇಡಂಗೆ ಒಂದು ಹಳೆಯ ಕುತೂಹಲವಿತ್ತು. ತಂಡ ಕಟ್ಟುವಾಗ ಒಬ್ಬ ಹುಡುಗನನ್ನು ಇಡೀ ತರಗತಿ ಹೊರಗಿಡುವುದನ್ನು ಅವರು ಎಷ್ಟೋ ಸಲ ನೋಡಿದ್ದರು. ಕೆಟ್ಟವರು ಇಬ್ಬರೋ ಮೂವರೋ ಇರುತ್ತಿದ್ದರು, ಉಳಿದವರೆಲ್ಲ ಒಳ್ಳೆಯ ಮಕ್ಕಳೇ. ಆ ಒಳ್ಳೆಯ ಮಕ್ಕಳು ದೊಡ್ಡವರಾದ ಮೇಲೆ ಏನಾಗುತ್ತಾರೆ ಎಂಬುದು ತಿಳಿಯಬೇಕಿತ್ತು.

ಪಾಠ ಮಾಡುತ್ತಿದ್ದ ಮೇಷ್ಟ್ರು ಹೆಸರುವಾಸಿ. ರೇಷ್ಮೆಯಂಥ ದನಿ. ಶಿಬಿರಗಳಿಗೆ ಸಾಗಿಸಿದ ಮಕ್ಕಳ ಬೂಟುಗಳ ಮಾತು ಬಂದಾಗ ಕನ್ನಡಕ ತೆಗೆದು, ಮೂಗಿನ ಬುಡ ಒತ್ತಿಕೊಂಡು, ಕಿಟಕಿಯ ಕಡೆ ತಿರುಗಿ ನಿಂತರು. ಮೇಡಂ ಕೂಡ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಕಾರಿಡಾರಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ನಗುತ್ತ ಹೇಳಿದ: ಮೇಷ್ಟ್ರ ಗಂಟಲು ಪ್ರತಿವರ್ಷ ಅದೇ ವಾಕ್ಯದಲ್ಲಿ ಕಟ್ಟುತ್ತದೆ, ಹೋದ ವರ್ಷ ಮುಂದಿನ ಬೆಂಚಿನವನು ನೀರಿನ ಬಾಟಲಿಯ ಮುಚ್ಚಳ ಮೊದಲೇ ತೆಗೆದಿಟ್ಟಿದ್ದ. ಮೇಡಂಗೆ ತಮ್ಮ ಕಣ್ಣೀರಿನ ಬಗ್ಗೆಯೇ ಅಸಹ್ಯವಾಯಿತು.

ತರಗತಿಯಲ್ಲಿ ಗಡಿಯಾರ ರಿಪೇರಿಯವನ ಮಗಳೊಬ್ಬಳಿದ್ದಳು. ಬೇರೆ ಊರಿನವಳು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅವಳ ಜನ ಆ ಸೀಮೆಯಲ್ಲಿ ಹಿಡಿಯಷ್ಟು. ಏನು ಕೆಟ್ಟರೂ ಎಲ್ಲರ ಬೆರಳು ಅವರ ಕಡೆಗೇ. ಆ ಚಳಿಗಾಲ ಪೇಟೆಯಲ್ಲಿ ಒಂದು ಹೊಡೆದಾಟವಾಯಿತು. ಅದು ಅವರದೇ ಕೆಲಸವೆಂದು, ಬಾಯಿಂದ ಬಾಯಿಗೆ ಉಪ್ಪುಖಾರ ಸೇರಿಕೊಂಡು ಸುದ್ದಿ ಹಾಸ್ಟೆಲಿಗೆ ಬಂತು. ಆ ವಾರವೇ ಅವಳ ಪಕ್ಕದ ಬೆಂಚು ಖಾಲಿಯಾಯಿತು. ಆ ಸೋಮವಾರ ಮೇಷ್ಟ್ರು ಮಾಡುತ್ತಿದ್ದ ಪಾಠ, ಯಹೂದಿ ಪ್ರಾಧ್ಯಾಪಕರನ್ನು ವಿಶ್ವವಿದ್ಯಾಲಯಗಳಿಂದ ಹೊರಹಾಕಿದ್ದು, ಸಹೋದ್ಯೋಗಿಗಳು ಕಮಕ್ ಕಿಮಕ್ ಎನ್ನದೆ ಖಾಲಿ ಕುರ್ಚಿಗಳಿಗೆ ಮುಗಿಬಿದ್ದದ್ದು. ‘ನಮ್ಮ ಕೈಲೇನಿದೆ?’ ಎಂಬ ಅವರ ನೆಪವನ್ನು ಬೋರ್ಡಿನ ಮೇಲೆ ಬರೆದು, “ಎಂಥ ಹೇಡಿಗಳು ನೋಡಿ,” ಎಂದು ಮೇಷ್ಟ್ರು ತುಟಿ ಕೊಂಕಿಸಿದರು. ಎದುರಿಗಿದ್ದ ಖಾಲಿ ಬೆಂಚು ಅವರ ಕಣ್ಣಿಗೆ ಬೀಳಲಿಲ್ಲ.

ಕೆಲವು ದಿನಗಳಲ್ಲಿ ಹುಡುಗಿಯ ಪೆಟ್ಟಿಗೆ ಹಾಸ್ಟೆಲಿನ ಮೆಟ್ಟಿಲ ಮೇಲಿತ್ತು. ಅವಳಿದ್ದರೆ ತಾವಿರುವುದಿಲ್ಲವೆಂದು ಉಳಿದವರು ಹಟ ಹಿಡಿದಿದ್ದರು. ಹಾಸ್ಟೆಲುಗಳ ಮೇಲ್ವಿಚಾರಣೆ ಯಾರದೆಂದರೆ, ನಮ್ಮ ರೇಷ್ಮೆ ದನಿಯವರದೇ. ಮೇಡಂ ಕುಂಟುತ್ತಲೇ ಅವರ ಕೋಣೆಗೆ ಹೋದರು.

“ನನಗೂ ಸಂಕಟ ಆಗುತ್ತೆ ಮೇಡಂ. ಆದ್ರೆ ನನ್ನ ಕೈಲೇನಿದೆ? ಮೇಲಿನವರು ಶಾಂತಿ ಕಾಪಾಡಿ ಅಂತಾರೆ. ಅವಳ ಒಳ್ಳೇದಕ್ಕೇ ಅನ್ಕೊಳ್ಳಿ,” ಎಂದರು ಮೇಷ್ಟ್ರು.

“ಇದನ್ನೇ ಅಲ್ವಾ ಸರ್, ಸೋಮವಾರ ನೀವು ಬೋರ್ಡ್ ಮೇಲೆ ಬರೆದದ್ದು?”

“ಅದು ಚರಿತ್ರೆ. ಇದು ಆಡಳಿತ. ಎರಡನ್ನೂ ಬೆರೆಸಬಾರದು.”

ಆ ಮುಖದಲ್ಲಿ ನಾಚಿಕೆಯ ಎಳೆಯೂ ಇರಲಿಲ್ಲ. ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೇ ಎಂದು ಯೋಚಿಸುತ್ತಿದ್ದಂತಿತ್ತು. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಎಂದುಕೊಂಡು ಮೇಡಂ ಮೆಟ್ಟಿಲ ಬಳಿ ಬಂದು ಪೆಟ್ಟಿಗೆಯ ಹಿಡಿಗೆ ಕೈ ಹಾಕಿದರು.

ಹುಡುಗಿಯನ್ನು ಮನೆಗೆ ಕರೆತಂದಾಗ ಗಂಡ ಗೊಣಗಿದರು. “ನಮಗ್ಯಾಕೆ ಊರ ಉಸಾಬರಿ? ನಾಳೆ ಗಲಾಟೆಯವರು ನಮ್ಮ ಬಾಗಿಲಿಗೆ ಬಂದ್ರೆ?”

“ಬರ್ಲಿ. ನಿಮ್ಮ ಗೊರಕೆ ಕೇಳಿ ತಾವಾಗೇ ಓಡಿಹೋಗ್ತಾರೆ.”

ಊಟಕ್ಕೆ ಕೂತಾಗ ಮೇಡಂ ಆವೇಶದಲ್ಲಿ, ಆ ಕಾಲದ ಯಹೂದಿ ಮಕ್ಕಳಿಗೂ ಹೀಗೇ ಆಗಿತ್ತು ಎಂದರು. ಹುಡುಗಿ ತಟ್ಟೆಯಿಂದ ತಲೆಯೆತ್ತಿದಳು.

“ದಯವಿಟ್ಟು ಹೋಲಿಸ್ಬೇಡಿ ಆಂಟಿ. ಅವರನ್ನ ಕೊಂದ್ರು, ಮನೆಮಂದಿ ಸಮೇತ. ನನಗೆ ರೂಮ್ ಹೋಯ್ತು, ಅಷ್ಟೇ. ಅವರ ಸಾವನ್ನ ನನ್ನ ಪೆಟ್ಟಿಗೆ ಮೇಲೆ ಹೇರೋದು ಸರಿಯಲ್ಲ. ರೂಮ್ ಕಿತ್ಕೊಂಡದ್ದೇ ತಪ್ಪು ಅಂದ್ರೆ ಸಾಲ್ದಾ?”

ಮೇಷ್ಟ್ರು ಬೂಟುಗಳನ್ನು ಬಳಸಿಕೊಂಡ ಹಾಗೆ ತಾವು ಈ ಹುಡುಗಿಯನ್ನು ಬಳಸಿಕೊಳ್ಳಲು ಹೊರಟಿದ್ದೆವಲ್ಲ ಎನಿಸಿ, ಮೇಡಂ ಮಾತು ಬದಲಿಸಿ ಅವಳಿಗೆ ಇನ್ನೊಂದು ಸೌಟು ಸಾರು ಬಡಿಸಿದರು. ಅಂದಿನಿಂದ ಹುಡುಗಿ ಒಳಕೋಣೆಯಲ್ಲಿ ಉಳಿದಳು. ಬಾಗಿಲಿಗೆ ಯಾರೂ ಬರಲಿಲ್ಲ. ಪಕ್ಕದ ಮನೆಯಾಕೆ ಮಾತು ಬಿಟ್ಟಳು, ಅದೊಂದು ಲಾಭವೇ ಆಯಿತು.

ವರ್ಷದ ಕೊನೆಗೆ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕಿ, ಪಕ್ಕದಲ್ಲಿ ಮೇಷ್ಟ್ರು.

“ಸಹೋದ್ಯೋಗಿಗಳನ್ನ ಹೊರಹಾಕಿದಾಗ ಉಳಿದ ಪ್ರಾಧ್ಯಾಪಕರು ಯಾಕೆ ಸುಮ್ಮನಿದ್ರು? ಭಯಾನಾ?” ಎಂದು ಕೇಳಿದರು ಪರೀಕ್ಷಕಿ.

“ಕೆಲವರಿಗೆ ಭಯ, ಕೆಲವರಿಗೆ ಆ ದ್ವೇಷ ಮೊದಲೇ ಇತ್ತು. ಬಹಳ ಜನಕ್ಕೆ ಎರಡೂ ಇರಲಿಲ್ಲ. ಯಾರೂ ಬೆದರಿಸೋಕೆ ಮೊದಲೇ ಕೈ ಕಟ್ಕೊಂಡ್ರು, ಆಮೇಲೆ ನಮ್ಮ ಕೈ ಕಟ್ಟಿಹಾಕಿದ್ದಾರೆ ಅಂದ್ರು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ರು,” ಎಂದರು ಮೇಡಂ.

ಮೇಷ್ಟ್ರು ಕುರ್ಚಿಯಲ್ಲಿ ಸರಿದಾಡಿದರು. “ನೀವು ವೈಯಕ್ತಿಕವಾಗಿ ಮಾತಾಡ್ತಿದ್ದೀರಿ.”

“ಯಾರ ಬಗ್ಗೆ?” ಎಂದು ಪರೀಕ್ಷಕಿ ಬೆರಗಿನಿಂದ ಅವರತ್ತ ತಿರುಗಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಮೇಡಂ ಪಾಸಾದರು, ಆದರೆ ತರಗತಿಗೆಲ್ಲ ಕೊನೆಯವರಾಗಿ. ಹುಡುಗಿ ಒಳ್ಳೆಯ ದರ್ಜೆಯಲ್ಲಿ ತೇರ್ಗಡೆಯಾಗಿ, ಇನ್ನೊಂದು ಊರಿನ ಶಾಲೆಯಲ್ಲಿ ಕೆಲಸ ಹಿಡಿದಳು. ಅಂಕಪಟ್ಟಿ ತರಲು ಹೋದ ದಿನ ಕಾರಿಡಾರಿನಲ್ಲಿ ಎದುರಾದ ಮೇಷ್ಟ್ರು ಏನೂ ಆಗಿಲ್ಲವೆಂಬಂತೆ ನಕ್ಕರು.

“ನಿಮ್ಮಲ್ಲಿ ಕಿಚ್ಚಿದೆ. ನನ್ನ ಕೈಕೆಳಗೆ ಪಿಎಚ್.ಡಿ. ಮಾಡಿ.”

ಮೇಡಂ ಅವರನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. ಬೈಯಬೇಕೆನಿಸಲಿಲ್ಲ, ಬೈಗುಳಕ್ಕೂ ಒಂದು ಯೋಗ್ಯತೆ ಬೇಕು. “ದಾರಿ ಬಿಡಿ ಸರ್, ಬಸ್ಸಿಗೆ ಹೊತ್ತಾಯ್ತು,” ಎಂದರು.

ನಿಲ್ದಾಣದಲ್ಲಿ ಗಂಡ ಹುಡುಗಿಯ ಜೊತೆ ಅವಳ ಪೆಟ್ಟಿಗೆ ಹಿಡಿದು ಕಾಯುತ್ತಿದ್ದರು. ಹೊಸ ಊರಿನ ಬಾಡಿಗೆ ಮನೆಯವನು ಎಂಥವನೋ, ಒಂದು ಮಾತಾಡಿ ಬರೋಣ ಎಂದು ಅವರೇ ಹೊರಟು ನಿಂತಿದ್ದರು. ಮೂವರೂ ಬಸ್ ಹತ್ತಿದರು. ನೋಯುವ ಮಂಡಿ ಚಾಚಿಕೊಳ್ಳಲೆಂದು ಗಂಡ ಓಡಾಡುವ ದಾರಿಯ ಪಕ್ಕದ ಸೀಟು ಮೇಡಂಗೆ ಬಿಟ್ಟುಕೊಟ್ಟರು.