ಮೊಳೆ ಜೋಡಿಸುವ ಉಡಚಪ್ಪನ ಅಂಜಿಕೆ

ಹಿರೇಕೆರೂರು ಸೀಮೆಯ ಹೆಣ್ಣಾಳುಗಳಿಗೆ ಮೆಣಸಿನಕಾಯಿ ಕ್ರಾಸಿಂಗಿನ ಒಂದು ಇಡೀ ಹಂಗಾಮಿನ ಕೂಲಿ ಇನ್ನೂ ಬರಬೇಕಾಗಿದೆ. ಸಂಜೆ ಸೊಂಟ ಬಗ್ಗಿಸಿ ಮೊಗ್ಗು ಬಿಚ್ಚಿ, ಚಿಮಟದಿಂದ ಗಂಡು ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸಿ, ಹೂವಿಗೊಂದು ದಾರ ಕಟ್ಟಿದ ಕೂಲಿ ಅದು. ಬೀಜದ ಏಜೆಂಟ ‘ನಿಮ್ಮ ಬೀಜ ಪರೀಕ್ಷೆಯಲ್ಲಿ ಫೇಲಾಗಿದೆ’ ಎಂದು ಕೈ ಎತ್ತಿಬಿಟ್ಟ. ಫೇಲಾದ ಅದೇ ಬೀಜ ಪಾಕೀಟಿನಲ್ಲಿ ಕುಳಿತು ತಿಳವಳ್ಳಿಯ ಅಂಗಡಿಯಲ್ಲಿ ಮಾರಾಟಕ್ಕಿರುವುದನ್ನು ಈ ಹೆಣ್ಣುಮಕ್ಕಳೇ ಕಣ್ಣಾರೆ ಕಂಡರು. ಅವರಲ್ಲಿ ಒಬ್ಬಳು ಶಾರವ್ವ. ಸವಣೂರಿನ ಹಳೆಯ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುವ ಉಡಚಪ್ಪ ಅವಳ ಒಡಹುಟ್ಟಿದ ಅಣ್ಣ.

ಉಡಚಪ್ಪ ಅಂಜುಬುರುಕ. ಇದನ್ನು ಮುಚ್ಚಿಟ್ಟು ಅವನ ಕಥೆ ಹೇಳಲು ಬರುವುದಿಲ್ಲ. ಖಾಕಿ ಬಟ್ಟೆ ಕಂಡರೆ ಓಣಿ ಬದಲಿಸುವವನು. ಗೋಡೆಗೆ ಹಚ್ಚಿದ ಚೀಟಿಯನ್ನೂ ನಿಂತು ಓದುವವನಲ್ಲ. ಹುಟ್ಟಿನಿಂದ ಹಾಗಿರಲಿಲ್ಲ. ಹುಡುಗನಾಗಿದ್ದಾಗ ಅವನಿಗೆ ಕಸಬು ಕಲಿಸಿದವನು ಗುಡ್ಡಪ್ಪ ಎಂಬ ಹಿರಿಯ. ಆಗ ಹೋರಾಟಗಳ ಕಾಲ. ಗುಡ್ಡಪ್ಪ ಒಂದು ಕರಪತ್ರ ಜೋಡಿಸಿದ. ಒಂದು ಮಧ್ಯಾಹ್ನ ಪೊಲೀಸರ ಜೀಪು ಬಂತು, ಅವನನ್ನು ಎತ್ತಿ ಹಾಕಿಕೊಂಡು ಹೋಯಿತು. ವಾಪಸು ಬಂದ ಗುಡ್ಡಪ್ಪನ ಬಲಗೈ ಬೆರಳು ಮಡಚುತ್ತಿರಲಿಲ್ಲ. ಮೊಳೆ ಹಿಡಿಯಲಾಗದೆ ಮನೆ ಮುಂದೆ ವೀಳ್ಯದೆಲೆ ಮಾರಿಕೊಂಡು ಕುಳಿತು ಸತ್ತ. ಅಂದಿನಿಂದ ಉಡಚಪ್ಪ ಲಗ್ನಪತ್ರಿಕೆ, ಪಾವತಿ ಪುಸ್ತಕ, ವೈಕುಂಠ ಸಮಾರಾಧನೆ ಬಿಟ್ಟು ಬೇರೇನನ್ನೂ ಜೋಡಿಸಲಿಲ್ಲ.

ಪ್ರೆಸ್ಸಿನ ಮಾಲೀಕ ಮೃತ್ಯುಂಜಯ. ಅಜ್ಜ ಹಾಕಿದ ಪ್ರೆಸ್ಸು. ಹಿಂದಿನ ಕೋಣೆಯಲ್ಲಿ ಕಂಪ್ಯೂಟರು, ಆಫ್‌ಸೆಟ್, ಫ್ಲೆಕ್ಸು. ಮುಂದಿನ ಪಡಸಾಲೆಯಲ್ಲಿ ಕಾಲಿಂದ ತುಳಿಯುವ ಹಳೆಯ ಮಷೀನು, ಮೊಳೆ ತುಂಬಿದ ಕಟ್ಟಿಗೆಯ ಗೂಡುಗಳು. ಗುಜರಿಗೆ ಹಾಕಬೇಕೆಂದಿದ್ದ ಈ ಸಾಮಾನಿಗೆ ಈಚೆಗೆ ಒಳ್ಳೆಯ ಕಾಲ ಬಂದಿದೆ. ಪರಂಪರೆ ನೋಡುವ ಮಂದಿ ಮಿನಿಬಸ್ಸು ಮಾಡಿಕೊಂಡು ಬರುತ್ತಾರೆ. ಹಾನಗಲ್ಲಿನ ತಾರಕೇಶ್ವರ, ಗೊಟಗೋಡಿಯ ಬೊಂಬೆಗಳು, ಸವಣೂರಿನ ದೊಡ್ಡ ಹುಣಸೆ, ಕಡೆಗೆ ಈ ಪ್ರೆಸ್ಸು. ಮಷೀನಿನ ಜೊತೆ ಉಡಚಪ್ಪನನ್ನೂ ನೋಡುತ್ತಾರೆ, ಅವನ ಕಪ್ಪು ಉಗುರಿನ ಫೋಟೋ ಹೊಡೆದುಕೊಳ್ಳುತ್ತಾರೆ, ‘ಸವಣೂರಿಗೆ ಸ್ವಾಗತ’ ಎಂದು ಅಚ್ಚಾದ ಹಾಳೆಯೊಂದನ್ನೂ ಕುರುಕಲು ಖಾರದ ಪಾಕೀಟನ್ನೂ ತೆಗೆದುಕೊಂಡು ಬಸ್ಸು ಹತ್ತುತ್ತಾರೆ.

ಶಾರವ್ವ ಬಂದದ್ದು ಮೃತ್ಯುಂಜಯ ಊಟಕ್ಕೆ ಹೋದ ಹೊತ್ತು ನೋಡಿ.

“ಅಣ್ಣಾ, ಒಂದ ಕಾಗದ ಅಚ್ಚ ಹಾಕಿಕೊಡು.”

ಏನು ಬರೆದಿದೆ ಎಂದು ಓದಿದ ಕೂಡಲೇ ಉಡಚಪ್ಪ ಕಾಗದ ಮಡಚಿ ಅವಳ ಕೈಗೇ ತಿರುಗಿ ಇಟ್ಟ. ಏಜೆಂಟನ ಹೆಸರು ಮೊದಲ ಸಾಲಿನಲ್ಲೇ ಇತ್ತು.

“ಆಫ್‌ಸೆಟ್‌ನವರ ಕಡೆ ಹೋಗವ್ವ. ಛಲೋ ಬರತೈತಿ.”

“ಹೋಗಿದ್ವಿ. ಹಿರೇಕೆರೂರಾಗ ಹೋದ್ವಿ, ಹಾನಗಲ್ಲಾಗ ಹೋದ್ವಿ, ಶಿಗ್ಗಾಂವಿಗೂ ಹೋದ್ವಿ. ಆ ಹೆಸರ ಓದಿದ ಕೂಡ್ಲೆ ಎಲ್ಲಾರದೂ ಕರೆಂಟ ಹೋಗತೈತಿ.”

“ಮೊಬೈಲಿನ್ಯಾಗ ಹಾಕ್ರಿ ಮತ್ತ.”

“ಹಾಕಿದ್ವಿ. ಗ್ರೂಪಿನ ಯಜಮಾನ ಯಾರಂದಿ? ಅವನೇ, ಆ ಏಜೆಂಟ. ನಮ್ಮನ್ನ ತಗದ ಒಗದ.” ಶಾರವ್ವ ಮಷೀನಿನ ತುಳಿಹಲಗೆಯನ್ನು ಕಾಲಿಂದ ಒಮ್ಮೆ ಒತ್ತಿ ನೋಡಿದಳು. “ನಿನ್ನ ಮಷೀನಕ್ಕ ಕರೆಂಟ ಬ್ಯಾಡಲ್ಲ.”

“ಪ್ರೆಸ್ಸಿನ ಸಾವಕಾರ್ರು ಬಿಡಾಂಗಿಲ್ಲ. ಆ ಏಜೆಂಟನ ಪಾಕೀಟಿನ ಲೇಬಲ್ಲೆಲ್ಲಾ ಹಿಂದಿನ ಕ್ವಾಣ್ಯಾಗ ಅಚ್ಚಾಗತಾವು. ಗುಡ್ಡಪ್ಪಗ ಆಗಿದ್ದ ನೋಡೀನಿ ನಾ.”

“ಎಷ್ಟ ವರ್ಷ ನೋಡಾಕತ್ತಿ ಅದನ್ನ? ಮಂದೀದೆಲ್ಲಾ ಮದುವಿ ಜೋಡಿಸಿದಿ, ಮಂದೀದೆಲ್ಲಾ ದಿನಕರ್ಮ ಜೋಡಿಸಿದಿ. ತಂಗಿ ಕೂಲಿ ಮಾತ ಬಂದಾಗ ಕೈ ನಡಗತೈತಿ ನಿಂದು.”

ಶಾರವ್ವ ಹೊಸ್ತಿಲ ಮೇಲೆ ಕುಳಿತಳು. ಏಳುವ ಲಕ್ಷಣ ಕಾಣಲಿಲ್ಲ. ಮೃತ್ಯುಂಜಯ ಬರುವ ಹೊತ್ತಾಗುತ್ತಿತ್ತು. ಅವಳನ್ನು ಎಬ್ಬಿಸುವುದಕ್ಕಾದರೂ ಉಡಚಪ್ಪ ‘ಹೂಂ’ ಅನ್ನಬೇಕಾಯಿತು.

ಮರುದಿನ ಹೊತ್ತು ಹುಟ್ಟುವ ಮುಂದೆ ಬಾಗಿಲು ತೆಗೆದು ಜೋಡಿಸತೊಡಗಿದ. ಶಾರವ್ವ ಬಾಗಿಲಲ್ಲಿ ಕಾವಲು. ಹಾಲಿನವನ ಸೈಕಲ್ಲು ಹೋದರೂ ಇವನ ಕೈಯ ಮೊಳೆ ಜಾರುತ್ತಿತ್ತು. ನಡುವೆ ‘ಲಿ’ ಮೊಳೆಗಳು ತೀರಿದವು. ಕೂಲಿ, ಕೂಲಿ, ಕೂಲಿ ಎಂದು ಬರೆದ ಕಾಗದಕ್ಕೆ ಹಳೆಯ ಗೂಡಿನಲ್ಲಿ ಸಾಕಾಗುವಷ್ಟು ‘ಲಿ’ ಎಲ್ಲಿಂದ ಬರಬೇಕು? ಬಂದವರಿಗೆ ತೋರಿಸಲು ಸ್ವಾಗತದ ಹಾಳೆಯ ಮೊಳೆ ಬಿಗಿದಿಟ್ಟ ಚೌಕಟ್ಟು ಕಪಾಟಿನಲ್ಲಿ ಸಿದ್ಧವಿತ್ತು. ಅದರ ಬೆಣೆ ಸಡಿಲಿಸಿ, ಅದರಲ್ಲಿದ್ದ ಊರ ವರ್ಣನೆಯಿಂದ ಬೇಕಾದ ಮೊಳೆ ಕಿತ್ತುಕೊಂಡ. ಅಷ್ಟರಲ್ಲಿ ಹೊರಗೆ ಮೋಟಾರ್‌ಬೈಕಿನ ಸದ್ದಾಯಿತು. ಚೌಕಟ್ಟನ್ನು ಹಾಗೆಯೇ ಕಪಾಟಿಗೆ ತುರುಕಿ ಉಸಿರು ಬಿಗಿಹಿಡಿದು ನಿಂತ. ಬೈಕು ಮುಂದೆ ಹೋಯಿತು. ಸಡಿಲಿಸಿದ ಬೆಣೆ ಮತ್ತೆ ಬಿಗಿಯಬೇಕೆಂಬುದು ಆ ಹೆದರಿಕೆಯಲ್ಲಿ ಅವನ ತಲೆಯಿಂದ ಹಾರಿಹೋಯಿತು.

ಕರಪತ್ರ ಮುಗಿಯಿತು. ಅವಸರಕ್ಕೆ ತಾರೀಖು ಹಾಕಲಿಲ್ಲ.

“ಕೆಳಗ ಪ್ರೆಸ್ಸಿನ ಹೆಸರ ಹಾಕಿಯೇನು?” ಶಾರವ್ವ ಕೇಳಿದಳು.

“ಇಲ್ಲ.”

“ಹೆಸರಿಲ್ಲದ ಕಾಗದ ಸಂತ್ಯಾಗ ಕೊಟ್ರ ಅದರಾಗ ಚುರಮರಿ ಕಟ್ತಾರ. ಹಾಕು.”

ಹಾಕಿದ. ಬೆವರು ಹಣೆಯಿಂದ ಮೊಳೆಯ ಮೇಲೆ ಬಿತ್ತು. ಮಧ್ಯಾಹ್ನ ಸಾವಕಾರ ಊಟಕ್ಕೆ ಹೋದಾಗ ಹೊಡೆದುಕೊಡುವುದೆಂದು ಮಾತಾಯಿತು. ಕರಪತ್ರದ ಚೌಕಟ್ಟನ್ನು ಮಷೀನಿಗೆ ಏರಿಸಿ ಮಸಿ ಹಚ್ಚಿ ಸಿದ್ಧ ಮಾಡಿಟ್ಟ. ಶಾರವ್ವ ಬಸ್‌ಸ್ಟ್ಯಾಂಡಿಗೆ ಹೋಗಿ ಕುಳಿತಳು.

ಆದರೆ ಮೃತ್ಯುಂಜಯ ಅಂದು ಬೇಗ ಬಂದ. ಹಿಂದೆಯೇ ಮಿನಿಬಸ್ಸು. ಪ್ರವಾಸಿಗರನ್ನು ಕರೆತರುವ ಅಂಕಿತಾ ಇಳಿದವಳೇ, “ಉಡಚಪ್ಪಾರ, ಇವತ್ತ ಮೊದಲ ನಿಮ್ಮಲ್ಲೇ ಬಂದೇವ್ರಿ. ಬಿಸಲ ಇಳದ ಮ್ಯಾಲೆ ಗೊಟಗೋಡಿ,” ಎಂದಳು. ಪಡಸಾಲೆ ತುಂಬಿತು. ಕರಪತ್ರ ಇಳಿಸಿ ಸ್ವಾಗತ ಏರಿಸಿದರೆ ಉಳಿದೆ ಎಂದುಕೊಂಡು ಉಡಚಪ್ಪ ಕಪಾಟಿಗೆ ಕೈ ಹಾಕಿದ. ಚೌಕಟ್ಟು ಎತ್ತಿದ್ದೇ ತಡ, ನಡುವಿನ ಮೊಳೆಯೆಲ್ಲ ಸುರ್ರೆಂದು ನೆಲಕ್ಕೆ ಸುರಿದವು. ಅವನ ಕೈಯಲ್ಲಿ ಬರೀ ಕಬ್ಬಿಣದ ಚೌಕ ಉಳಿಯಿತು.

ಬಂದವರು ಅದರ ಫೋಟೋವನ್ನೂ ಹೊಡೆದರು.

“ಇರ್ಲಿ ಬಿಡೋ,” ಮೃತ್ಯುಂಜಯ ನಕ್ಕ. “ಮಷೀನಿನ್ಯಾಗ ಯಾವದೋ ಒಂದ ಐತಲ್ಲ, ಅದನ್ನ ಹೊಡಿ. ಲಗ್ನಪತ್ರಿಕಿ ಆದ್ರೂ ನಡೀತೈತಿ.”

“ಮಷೀನ ಕೆಟ್ಟೈತ್ರಿ ಸಾವಕಾರ್ರ.”

ಮೃತ್ಯುಂಜಯ ತುಳಿಹಲಗೆಯ ಮೇಲೆ ಕಾಲಿಟ್ಟ. ಚಕ್ರ ಎಣ್ಣೆ ಹಾಕಿದಂತೆ ತಿರುಗಿತು. “ಇದಕ್ಕೇನಾಗೈತಿ? ನಿನಗ ಆಗೈತಿ. ಹೊಡಿ.”

ಉಡಚಪ್ಪ ತುಳಿದ. ಮಷೀನು ಬಾಯಿ ತೆರೆದಾಗ ಬಲಗೈಯಿಂದ ಹಾಳೆ ಇಡಬೇಕು, ಮುಚ್ಚುವ ಮೊದಲು ಕೈ ತೆಗೆಯಬೇಕು. ಗುಡ್ಡಪ್ಪನ ಮಡಚದ ಬೆರಳು ಕಣ್ಣ ಮುಂದೆ ಬಂತು. ಮೊದಲ ಹಾಳೆ ಹೊರಬಂತು. ಅಂಕಿತಾ ಅದನ್ನು ಹಿಡಿದು ಎಲ್ಲರಿಗೂ ಕೇಳುವಂತೆ ಓದತೊಡಗಿದಳು. ಬೀಜ ಫೇಲಾಯಿತೆಂದು ಕೂಲಿ ಮುರಿದದ್ದು, ಅದೇ ಬೀಜ ಮಾರಿದ್ದು, ಕೂಲಿ ಕೊಡುವ ತನಕ ಏಜೆಂಟನ ಬಾಗಿಲು ಬಿಟ್ಟು ಏಳುವುದಿಲ್ಲವೆಂಬುದು, ಕೊನೆಗೆ ಪ್ರೆಸ್ಸಿನ ಹೆಸರು.

ಮೃತ್ಯುಂಜಯನ ಮುಖ ಸುಣ್ಣದಂತಾಯಿತು. ಆದರೆ ವ್ಯಾಪಾರಸ್ಥನ ಮಗ, ತಡಮಾಡಲಿಲ್ಲ. “ಇದು ಹಳೇ ಹೋರಾಟದ ಕರಪತ್ರರಿ,” ಎಂದ. “ನಮ್ಮ ಅಜ್ಜಾರ ಕಾಲದ್ದು. ನಿಮಗ ತೋರಸ್ಲಿಕ್ಕೆ ಅಂತ ಮತ್ತ ಜೋಡಿಸಿದ್ದು.”

ಬಂದವರ ಕಣ್ಣು ಅರಳಿದವು. ಹಳೆಯ ಹೋರಾಟವೆಂದರೆ ಯಾರಿಗೆ ಬೇಡ? ನನಗೊಂದು, ನನಗೊಂದು ಎಂದರು. ಗೋಡೆಗೆ ತೂಗಲು ಕಟ್ಟು ಹಾಕಿಸುತ್ತೇನೆಂದು ಒಬ್ಬರು. ಹಾಳೆಯ ಬಣ್ಣ ಚೂರು ಹಳದಿ ಇದ್ದಿದ್ದರೆ ಚೆನ್ನಾಗಿತ್ತೆಂದು ಇನ್ನೊಬ್ಬರು.

ಉಡಚಪ್ಪ ತುಳಿಯುತ್ತ ಹೋದ. ಉಳಿದೆ ಎಂಬುದು ಅವನಿಗೆ ಕಾಲಿನಲ್ಲೇ ಗೊತ್ತಾಯಿತು. ತುಳಿತ ಒಂದೇ ಹದಕ್ಕೆ ಬಂದಿತ್ತು. ಸುಮ್ಮನಿದ್ದರೆ ಸಾಕು. ಸಾವಕಾರ ಬೈಯಬಹುದು, ಕೆಲಸದಿಂದ ತೆಗೆಯಲಾರ. ಏಜೆಂಟನ ಕಿವಿಗೆ ಬಿದ್ದರೂ ಹಳೆಯದೆಂದು ಹೇಳಬಹುದು. ಶಾರವ್ವನಿಗೆ ಮಷೀನು ಕೆಟ್ಟಿತೆಂದರಾಯಿತು.

ಆಗ ಮಾಸ್ತರಿಕೆ ಮಾಡಿ ನಿವೃತ್ತರಾದಂತೆ ಕಾಣುತ್ತಿದ್ದ ಹೆಂಗಸೊಬ್ಬರು ಹಾಳೆ ಹಿಡಿದು ಹತ್ತಿರ ಬಂದರು. “ಇವರ ಕೂಲಿ ಕಡೆಗೆ ಬಂತೇನ್ರಿ?”

ಮೃತ್ಯುಂಜಯ ಉತ್ತರಕ್ಕೆ ಬಾಯಿ ತೆಗೆದ. ಆದರೆ ಆಕೆ ನೋಡುತ್ತಿದ್ದುದು ಉಡಚಪ್ಪನ ಕಡೆ. ಸಾವಕಾರ ಕಣ್ಣಲ್ಲೇ ಬೇಡ ಎನ್ನುತ್ತಿದ್ದ. ಉಡಚಪ್ಪನ ಕಾಲು ತುಳಿಯುವುದನ್ನು ಬಿಟ್ಟಿತು.

“ಬಂದಿಲ್ಲರಿ,” ಎಂದ. ದನಿ ಅವನಿಗೇ ಕೇಳಿಸಲಿಲ್ಲ. ಮತ್ತೆ ಹೇಳಿದ. “ಬಂದಿಲ್ಲ. ಇದು ಈ ವರ್ಷದ್ದರಿ. ನನ್ನ ತಂಗೀದು. ಬಸ್‌ಸ್ಟ್ಯಾಂಡಿನ್ಯಾಗ ಕುಂತಾಳ, ಬೇಕಾದ್ರ ಕೇಳ್ರಿ.”

ಯಾರೂ ಫೋಟೋ ಹೊಡೆಯಲಿಲ್ಲ. ಕಟ್ಟು ಹಾಕಿಸುವವರು ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಕೆಲವರು ಮಡಚಿ ಚೀಲಕ್ಕೆ ಸೇರಿಸಿದರು. ಅಂಕಿತಾ ಗಡಿಯಾರ ನೋಡಿದಳು. ಆ ನಿವೃತ್ತ ಹೆಂಗಸು ಮಾತ್ರ ಬಸ್ಸು ಹತ್ತುವ ಬದಲು ಬಸ್‌ಸ್ಟ್ಯಾಂಡಿನ ದಾರಿ ಯಾವುದೆಂದು ಕೇಳಿದರು. ಮಿನಿಬಸ್ಸು ಅವರಿಗಾಗಿ ಕಾಯಬೇಕಾಯಿತು, ಉಳಿದವರು ಗೊಣಗಿದರು.

ಎಲ್ಲ ಹೋದ ಮೇಲೆ ಮೃತ್ಯುಂಜಯ ಸ್ಟೂಲಿನ ಮೇಲೆ ಕುಸಿದ.

“ನನ್ನ ಪ್ರೆಸ್ಸಿನ ಹೆಸರ ಹಾಕಿದಿ.”

“ಹೂನ್ರಿ.”

“ನನ್ನ ಕೇಳಬೇಕಾಗಿತ್ತು.”

“ಕೇಳಿದ್ರ ಬ್ಯಾಡ ಅಂತಿದ್ರಿ.”

“ಅಂತಿದ್ದೆ. ನನಗೂ ಅಂಜಿಕಿ ಐತೋ ಮಾರಾಯಾ. ಅವನ ಲೇಬಲ್ ನಿಂತ್ರ ಹಿಂದಿನ ಮಷೀನ ನಿಲ್ಲತೈತಿ.” ಎದ್ದು ಕೀಲಿ ತೆಗೆದುಕೊಂಡ. “ಹೇಳಿಕಳಿಸೋತನಕ ಬರಬ್ಯಾಡ.”

ಅಚ್ಚಾಗಿ ಉಳಿದ ಹಾಳೆಗಳನ್ನು ಉಡಚಪ್ಪ ಅಂಗಿಯೊಳಗೆ ಸಿಕ್ಕಿಸಿಕೊಂಡು ಹೊರಬಿದ್ದ. ಶಾರವ್ವ ಅವನ್ನು ಹಿರೇಕೆರೂರಿನ ಸಂತೆಯಲ್ಲೂ ರಟ್ಟೀಹಳ್ಳಿಯಲ್ಲೂ ಹಂಚಿದಳು. ವಾರ ಕಳೆಯುವುದರೊಳಗೆ ಏಜೆಂಟ ಬೈಕಿನ ಮೇಲೆ ಉಡಚಪ್ಪನ ಮನೆ ಮುಂದೆ ಬಂದ. ಇಳಿಯಲಿಲ್ಲ. ಗಾಡಿ ಬಂದ್ ಮಾಡಲಿಲ್ಲ. “ಅರಾಮ ಅದೀರಿ ಉಡಚಪ್ಪಾರ?” ಎಂದಷ್ಟೇ ಕೇಳಿ ಹೋದ. ಅವತ್ತಿನಿಂದ ಬೈಕಿನ ಸದ್ದಿಗೆ ಉಡಚಪ್ಪ ಬಚ್ಚಲಿಗೆ ಹೋಗಿ ನಿಲ್ಲುತ್ತಾನೆ. ಧೈರ್ಯ ಬಂತೆಂದು ಯಾರಾದರೂ ಹೇಳಿದರೆ ಸುಳ್ಳು. ಪ್ರೆಸ್ಸಿನ ಮುಂಬಾಗಿಲಿಗೆ ಇನ್ನೂ ಕೀಲಿ ಇದೆ, ಮಿನಿಬಸ್ಸು ಹುಣಸೆ ಮರ ತೋರಿಸಿ ಮುಂದೆ ಹೋಗುತ್ತದೆ, ಹೆಣ್ಣುಮಕ್ಕಳು ಏಜೆಂಟನ ಬಾಗಿಲಲ್ಲಿ ಕುಳಿತಿದ್ದಾರೆ. ಕರಪತ್ರ ಜೋಡಿಸಿದವನು ನೀನೇ ಏನು ಎಂದು ಕೇಳಿದರೆ ಮಾತ್ರ ಉಡಚಪ್ಪ ಇಲ್ಲ ಎನ್ನುವುದಿಲ್ಲ. ಬಾಗಿಲ ಸಂದಿಯಿಂದ ಯಾರು ಬಂದರೆಂದು ನೋಡಿ, ಹೂಂ ಎನ್ನುತ್ತಾನೆ.

ಹಳೆಯ ಪ್ರೆಸ್ಸು ನೋಡಲು ಹೋಗುವ ಚಟ ನಿಮಗೂ ಇರಬಹುದು. ಹೋಗಿರಿ, ಬೇಡ ಅನ್ನುವುದಿಲ್ಲ. ಆದರೆ ಮಷೀನಿನ ಮುಂದೆ ನಿಂತವನ ಉಗುರಿನ ಫೋಟೋ ಹೊಡೆದು ಬರಬೇಡಿರಿ. ಯಾವ ಕಾಗದ ಅಚ್ಚು ಹಾಕಲು ನಿನಗೆ ಅಂಜಿಕೆ ಎಂದು ಅವನನ್ನು ಕೇಳಿರಿ. ಅವನು ಹೇಳಿದ ಕಾಗದವನ್ನೇ ಹೊಡೆಸಿರಿ, ಅದರ ಕೆಳಗೆ ನಿಮ್ಮ ಹೆಸರು ಹಾಕಿಸಿರಿ.