ಕೆನೆ ಮೊದಲೋ ಕಾಕಂಬಿ ಮೊದಲೋ

ತಾಟು ಮುಂದೆ ಬಂದಾಗ ಮೊದಲು ಮೂಗಿಗೆ ಬಡಿದದ್ದು ಕೆನೆಯ ವಾಸನೆ. ಸಗಣಿ ಕುಳ್ಳಿನ ಬೆಂಕಿಯ ಮೇಲೆ ಮಧ್ಯಾಹ್ನವೆಲ್ಲ ಕಾದ ಎಮ್ಮೆಯ ಹಾಲಿನ ಕೆನೆಗೆ ಹೊಗೆಯದೊಂದು ವಾಸನೆ ಹತ್ತಿಕೊಳ್ಳುತ್ತದೆ. ಗ್ಯಾಸಿನ ಒಲೆಯ ಮೇಲೆ ಎಷ್ಟು ಹೊತ್ತು ಕಾಯಿಸಿದರೂ ಅದು ಬರುವುದಿಲ್ಲ. ಎಷ್ಟೋ ವರ್ಷಗಳ ಮೇಲೆ ಆ ವಾಸನೆ ಬಂತು, ಅದರ ಹಿಂದೆಯೇ ನನ್ನ ಸೋದರತ್ತೆ ಬಂದಳು, ಹುಬ್ಬು ಗಂಟಿಕ್ಕಿಕೊಂಡೇ ಬಂದಳು. ಆ ವಾಸನೆಯೊಂದನ್ನು ಬಿಟ್ಟರೆ ಅಲ್ಲಿದ್ದ ಉಳಿದದ್ದೆಲ್ಲ ಬರೀ ನಾಟಕ.

ರಾಯಬಾಗದ ಆಚೆ, ಕಬ್ಬಿನ ನಡುವೆ ಇರುವ ಅವಳ ತೋಟದ ಮನೆಯನ್ನು ಅವಳ ಮೊಮ್ಮಗ ಈಗ ರಜೆಗೆ, ನಮ್ಮ ಮಾತಿನಲ್ಲಿ ಸೂಟಿಗೆ, ಬರುವವರ ಬಿಡಾರ ಮಾಡಿದ್ದಾನೆ. ಶನಿವಾರ ಬಂತೆಂದರೆ ಪುಣೆಯಿಂದ, ಕೊಲ್ಹಾಪುರದಿಂದ ಕಾರುಗಳು ಬರುತ್ತವೆ. ಬಂದವರು ಎತ್ತಿನ ಗಾಡಿ ಹತ್ತಿ ಇಳಿಯುತ್ತಾರೆ, ಸಗಣಿ ಕಂಡರೆ ಮೂಗು ಮುಚ್ಚಿಕೊಂಡು ಅದರದೇ ಫೋಟೊ ತೆಗೆಯುತ್ತಾರೆ, ಕಬ್ಬಿನ ಗರಿ ಕೈಗೆ ಗೀಚಿದರೆ ದವಾಖಾನೆ ಎಲ್ಲಿದೆ ಎಂದು ಕೇಳುತ್ತಾರೆ. ಅವರಿಗೆ ಬಾಗಿಲಲ್ಲಿ ಕೈ ಮುಗಿಯಲು ಆ ಮೊಮ್ಮಗನ ಅಪ್ಪ, ಸೋದರತ್ತೆಯ ಮಗನೇ ನಿಂತಿರುತ್ತಾನೆ. ನನಗಿಂತ ಸ್ವಲ್ಪ ದೊಡ್ಡವನು, ಜೀವಮಾನವೆಲ್ಲ ಬಿಳಿ ಟೋಪಿ ಹಾಕಿದ ಮನುಷ್ಯ, ಈಗ ತಲೆಯ ಮೇಲೆ ಕೇಸರಿ ಪಟಗಾ. ಅದೂ ಸುತ್ತುವ ಪಟಗಾ ಅಲ್ಲ, ಹೊಲಿದಿಟ್ಟದ್ದು, ಟೊಪ್ಪಿಗೆಯ ಹಾಗೆ ಇಟ್ಟುಕೊಂಡರಾಯಿತು. ಮೊಮ್ಮಗ ಕರೆದನೆಂದು ಹೋದ ನನ್ನನ್ನು ಕಂಡು ತುಸು ನಾಚಿದ. ನಾಚಲಿ ಬಿಡಿ.

ನಾಲ್ಕು ಗಂಟೆಯ ಚಹಾದ ಹೊತ್ತಿಗೆ ಅಲ್ಲೊಂದು ಪಂದ್ಯ ನಡೆಯುತ್ತದೆ, ಅಥಣಿಗೂ ರಾಯಬಾಗಕ್ಕೂ. ಬಿಸಿ ಚಪಾತಿ, ಒಂದು ಬಟ್ಟಲು ಕೆನೆ, ಒಂದು ಬಟ್ಟಲು ಕಾಕಂಬಿ. ಕಾಕಂಬಿ ಎಂದರೆ ಬೆಲ್ಲದ ಗಾಣದಲ್ಲಿ ಪಾಕ ಗಟ್ಟಿಯಾಗುವ ಮೊದಲೇ ಕೊಪ್ಪರಿಗೆಯಿಂದ ತೆಗೆದಿಡುವ ತೆಳ್ಳನೆಯ ಬೆಲ್ಲ. ಅಥಣಿ ಕಡೆಯವರು ಚಪಾತಿಗೆ ಮೊದಲು ಕೆನೆ ಸವರಿ ಮೇಲೆ ಕಾಕಂಬಿ ಬಿಡುತ್ತಾರೆ. ರಾಯಬಾಗ ಕಡೆಯವರು ಮೊದಲು ಕಾಕಂಬಿ ಬಿಟ್ಟು ಮೇಲೆ ಕೆನೆ ಇಡುತ್ತಾರೆ. ಎರಡು ತಾಲೂಕಿನವರೆಲ್ಲ ಹಾಗೆ ಮಾಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ನಮ್ಮ ಎರಡು ಮನೆಗಳು ಹಾಗೆಂದು ನಂಬಿದ್ದವು. ಬಂದವರು ಎರಡನ್ನೂ ತಿಂದು, ಯಾವುದು ಸರಿ ಎಂದು ಕೈ ಎತ್ತಬೇಕು. ಎತ್ತುತ್ತಾರೆ, ಕಿರುಚುತ್ತಾರೆ, ವಿಡಿಯೊ ಮಾಡುತ್ತಾರೆ.

ನನ್ನ ಸೋದರತ್ತೆ ಇದೇ ಮಾತಿನ ಮೇಲೆ ನನ್ನ ಮದುವೆ ಮುರಿದಳು.

ಅವಳು ಅಪ್ಪನ ಅಕ್ಕ. ನಮ್ಮದು ಅಥಣಿ ಕಡೆಯ ಹಳ್ಳಿ. ಸೂಟಿ ಬಿಟ್ಟ ಮರುದಿನವೇ ನನ್ನನ್ನು ರಾಯಬಾಗದ ಬಸ್ಸಿಗೆ ಹತ್ತಿಸುತ್ತಿದ್ದರು, ಅಲ್ಲಿಂದ ತೋಟಕ್ಕೆ ಹೊರಟ ಯಾವುದಾದರೂ ಟ್ರ್ಯಾಕ್ಟರು. ಅವಳ ಬಾಯಿಂದ ಒಂದು ಒಳ್ಳೆಯ ಮಾತು ಬಂದದ್ದು ನನಗೆ ನೆನಪಿಲ್ಲ. ಹೋದ ಕೂಡಲೇ "ಏನ ಸೊರಗೀದಿ, ನಿಮ್ಮವ್ವ ಅನ್ನ ಹಾಕ್ತಾಳಿಲ್ಲ?" ಎನ್ನುವಳು. ಗಂಡನ ಮನೆಯ ಬಾವಿಯ ನೀರು ಸಪ್ಪೆ, ಅವರ ಜೋಳ ಬರೀ ಹೊಟ್ಟು, ಅವರ ಮನೆದೇವರು ಸೋಮಾರಿ. ಎಲ್ಲರೆದುರಿಗೇ ಅನ್ನುವಳು, ಯಾರಿಗೂ ಹೆದರದವಳು. ಆ ತಿರಸ್ಕಾರವನ್ನು ನಾನು ಅವಳಿಂದಲೇ ಕಲಿತೆ ಅನಿಸುತ್ತದೆ, ಇನ್ನಾರೂ ನಮ್ಮ ಮನೆಯಲ್ಲಿ ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ.

ದಿನಾ ನಾಲ್ಕು ಗಂಟೆಗೆ ಕೆನೆಯ ಜಗಳ. ಶುರು ಮಾಡುವವನು ಅವಳ ಗಂಡ, ನನ್ನ ಮಾವ. "ಅಥಣಿಯವರು ಕೆನಿ ಬುಡಕ ಯಾಕ ಹಚ್ತಾರ ಗೊತ್ತೇನ? ಎಷ್ಟ ಐತಿ ಅಂತ ಕಾಣಬಾರ್ದಂತ." ಅವನ ಅಣ್ಣತಮ್ಮಂದಿರು ನಗುವರು. ಅವಳು ಚಪಾತಿಯಿಂದ ತಲೆ ಎತ್ತದೆ "ನೀವು ಮ್ಯಾಲ ಇಡೂದು ಮಂದಿಗೆ ತೋರ್ಸಾಕ, ನಾವು ಬುಡಕ ಹಚ್ಚೂದು ತಿನ್ನಾಕ" ಎಂದು ಹೇಳಿ, ತನ್ನ ಬಿಸಿ ಚಪಾತಿಯ ಮೇಲೆ ಕೆನೆಯನ್ನು ಅಂಚಿನ ತನಕ ಸವರಿಕೊಳ್ಳುವಳು. ಕೆನೆ ಅರ್ಧ ಕರಗಿ ಚಪಾತಿಯೊಳಗೆ ಇಳಿಯುವುದು. ಆಮೇಲೆ ಕಾಕಂಬಿ. ನನಗೂ ಹಾಗೇ ಮಾಡಿ ಕೊಡುವಳು. ನಾವಿಬ್ಬರೂ ಒಂದು ಪಕ್ಷ, ಆ ಮನೆ ಪೂರ್ತಿ ಇನ್ನೊಂದು ಪಕ್ಷ...

ಆ ಮನೆಯವರಿಗೆ ಅದು ತಮಾಷೆ. ಅವಳಿಗೆ ಪೂರ್ತಿ ತಮಾಷೆ ಆಗಿರಲಿಲ್ಲ. ಮದುವೆಯ ದಿನ ನಮ್ಮ ಕಡೆಯ ರೂಢಿಯ ಹಾಗೆ ಅವಳ ಹೆಸರು ಬದಲಿಸಿದ್ದರು. ಆಮೇಲೆ ಸೀರೆ ಉಡುವ ರೀತಿ ಬದಲಾಯಿತು, ದೇವರು ಬದಲಾಯಿತು, ಪಲ್ಯಕ್ಕೆ ಹಾಕುವ ಮಸಾಲೆ ಬದಲಾಯಿತು. ತವರಿನದು ಅಂತ ಅವಳು ಬಿಟ್ಟುಕೊಡದೆ ಉಳಿಸಿಕೊಂಡದ್ದು ಇದೊಂದೇ.

ನನ್ನನ್ನು ಸೊಸೆ ಮಾಡಿಕೊಳ್ಳುವ ಮಾತು ತೆಗೆದವಳೂ ಅವಳೇ. ಈಗ ಪಟಗಾ ಹಾಕಿಕೊಂಡು ನಿಂತಿರುವ ಅವಳ ಮಗನ ಮೇಲೆ ನನಗೆ ಪ್ರೀತಿ ಇತ್ತೆಂದರೆ ಸುಳ್ಳಾಗುತ್ತದೆ. ಅವನು ಆಗಲೂ ಹೀಗೇ ಇದ್ದ, ಯಾರು ಏನು ತಲೆಗಿಟ್ಟರೂ ಸುಮ್ಮನಿರುವವನು. ನನಗೆ ಬೇಕಾಗಿದ್ದವಳು ಅವಳು. ಅವಳ ಅಡುಗೆಮನೆಯಲ್ಲಿ ಅವಳ ಜೊತೆ ಕೂತು, ಊರಿನವರನ್ನೆಲ್ಲ ಬೈಯುತ್ತ ಮುದುಕಿಯಾಗಬೇಕು ಅಂತ ನನಗೆ ಆಸೆಯಿತ್ತು.

ಒಂದು ಬೇಸಿಗೆಯ ಸೂಟಿಯಲ್ಲಿ ಮಾತು ಗಟ್ಟಿ ಮಾಡಲು ಅಪ್ಪ ಬಂದ. ಅಪ್ಪ ಸಜ್ಜನ ಎಂದು ಹೆಸರಾದವನು. ಎದುರಿಗೆ ಕೂತವರಿಗೆ ಏನು ಕೇಳಲು ಹಿತವೋ ಅದನ್ನೇ ಹೇಳುವುದಕ್ಕೆ ನಮ್ಮೂರಲ್ಲಿ ಸಜ್ಜನಿಕೆ ಎನ್ನುತ್ತಾರೆ. ಪಡಸಾಲೆಯಲ್ಲಿ ಕಂಬಳಿ ಹಾಸಿ ಗಂಡಸರು ಕುಳಿತರು. ನಾನು ಒಳಗೆ ಚಪಾತಿ ಬೇಯಿಸುತ್ತಿದ್ದೆ. ಸೋದರತ್ತೆ ಚಹಾದ ಕಿಟ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಮುಂದೆ ಎರಡೂ ಬಟ್ಟಲು ಇಟ್ಟರು.

"ಏನ್ರಿ ಬೀಗರ," ಎಂದ ಮಾವ, "ನಮ್ಮ ಮನ್ಯಾಗ ದಿನಾ ಇದ ಜಗಳ. ಇವತ್ತ ನೀವ ತೀರ್ಸಿ ಹೋಗ್ರಿ."

ಅವನು ಕೇಳಿದ್ದು ನಗೆಯಾಟಕ್ಕೇ. ಅಪ್ಪ ಕೆನೆ ಮೊದಲು ಸವರಿದ್ದರೆ ಎಲ್ಲರೂ ಹೋ ಎಂದು ನಕ್ಕು, ಇನ್ನೆರಡು ಮಾತು ಆಡಿಕೊಂಡು, ಮದುವೆಯ ಮಾತಿಗೆ ಬರುತ್ತಿದ್ದರು. ಮನೆಯಲ್ಲಿ ಕಾಕಂಬಿ ಮೊದಲು ಬಿಟ್ಟ ಚಪಾತಿ ಕೊಟ್ಟರೆ ತಾಟು ಸರಿಸಿ ಏಳುತ್ತಿದ್ದವನು ನನ್ನಪ್ಪ. ಅವನು ಬಾಗಿಲ ಕಡೆ ನೋಡಲೇ ಇಲ್ಲ. ಕಾಕಂಬಿಯ ಬಟ್ಟಲೆತ್ತಿ ಚಪಾತಿಯ ತುಂಬ ಬಿಟ್ಟ, ಮೇಲೆ ಕೆನೆ ಇಟ್ಟ, ಮಡಚಿ ತಿಂದ. "ಖರೇ ಹೇಳಬೇಕಂದ್ರ ನಿಮ್ಮದ ಸೈ ಐತಿ ನೋಡ್ರಿ. ನಮ್ಮ ಕಡಿ ಮಂದಿಗೆ ತಿನ್ನಾಕ ಬರೂದಿಲ್ಲ" ಎಂದ.

ಪಡಸಾಲೆ ನಗೆಯಿಂದ ತುಂಬಿಹೋಯಿತು. ಮಾವ ಹೆಂಡತಿಯ ಕಡೆ ನೋಡಿ ಮೀಸೆ ತಿರುವಿದ. ಅವಳು ಎಲ್ಲರಿಗೂ ಚಹಾ ಬಗ್ಗಿಸಿದಳು, ಅಪ್ಪನಿಗೂ ಬಗ್ಗಿಸಿದಳು. ಅವಳು ಎದುರು ಮಾತಾಡದೆ ಒಳಗೆ ಬಂದದ್ದನ್ನು ನಾನು ನೋಡಿದ್ದು ಅದೊಂದು ಸಲ.

ಸಂಜೆ ಹಾಲು ಹಿಂಡುವಾಗ ಅಪ್ಪನನ್ನು ಕೊಟ್ಟಿಗೆಗೆ ಕರೆದಳು. ಕರು ಹಿಡಿದುಕೊಂಡು ನಾನೂ ಅಲ್ಲೇ ಇದ್ದೆ. "ಈ ಸಂಬಂಧ ಬ್ಯಾಡ. ಇಕಿನ್ನ ಕರ್ಕೊಂಡ ಹೋಗು" ಎಂದಳು.

"ಅಕ್ಕಾ, ಚಪಾತಿ ಮ್ಯಾಲಿಂದ ಲಗ್ನ ಮುರೀತಾರೇನ?"

"ಚಪಾತಿ ಮ್ಯಾಲಿಂದಲ್ಲ, ನಿನ್ನ ಮ್ಯಾಲಿಂದ. ನಾ ಬಂದಾಗಿಂದ ಇವರೆಲ್ಲಾರ ಎದುರಿಗೆ ಒಬ್ಬಾಕಿನ ನಿಂತೀನಿ. ನೀ ಒಂದ ಚಪಾತಿ ತಿನ್ನೂದ್ರಾಗ ಬಿಟ್ಟಿ. ನಾಳೆ ಈ ಹುಡುಗೀಗೆ ಯಾರರೆ ಏನರೆ ಅಂದ್ರ, ಹೌದ್ರಿ ಅಂತ ತಲಿ ಆಡಸ್ತಿ. ಅದನ್ನ ನನ್ನ ಮನ್ಯಾಗ ನಾ ನೋಡೂದಿಲ್ಲ."

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮರುದಿನ ಬಸ್ಸಿನಲ್ಲಿ ಅಪ್ಪ, ಅಕ್ಕನಿಗೆ ತಲೆ ಕೆಟ್ಟಿದೆ ಎಂದ. ನಾನು ಹೌದೆಂದೆ. ಒಂದು ಸಲಿಗೆಯ ಜಗಳಕ್ಕೆ ನನ್ನ ಬದುಕನ್ನು ಎತ್ತಿ ಆಚೆ ಇಟ್ಟವಳ ಮೇಲೆ ನನಗೆ ಹುಟ್ಟಿದ ತಾತ್ಸಾರ ಇಷ್ಟಿಷ್ಟಲ್ಲ. ಚಿಕ್ಕೋಡಿಗೆ ಮದುವೆಯಾಗಿ ಹೋದ ಮೇಲೆ ಬಂದವರಿಗೆಲ್ಲ ಈ ಕತೆ ಹೇಳಿ ನಗಿಸುತ್ತಿದ್ದೆ. ಸೂಟಿಗೆ ಮತ್ತೆ ಅಲ್ಲಿಗೆ ಹೋಗಲಿಲ್ಲ. ಅವಳು ಸತ್ತ ಸುದ್ದಿ ಬಂದಾಗ ಮಣ್ಣಿಗೆ ಹೋದೆ, ಅಳು ಬರಲಿಲ್ಲ.

ಅದಾದ ಮುಂದಿನ ವರ್ಷ ನನಗೆ ಅರ್ಧಕ್ಕೆ ಬಿಟ್ಟ ಬಿ.ಎ. ಮುಗಿಸುವ ಮನಸ್ಸಾಯಿತು. ಚಿಕ್ಕೋಡಿಯ ಕಾಲೇಜು ಮನೆಯಿಂದ ಕೂಗಳತೆಯಲ್ಲಿತ್ತು. ಗಂಡ ನಿನ್ನಿಷ್ಟ ಎಂದ, ಗಂಡನ ತಾಯಿ ಆಗದು ಎಂದಳು. ಅಪ್ಪನನ್ನು ಕರೆಸಿದೆ. ನನ್ನನ್ನು ಕಾಲೇಜಿಗೆ ಕಳಿಸಿದವನು ಅವನೇ, ಓದಿಗಾಗಿ ಊರಿನವರ ಬಾಯಿ ಮುಚ್ಚಿಸಿದವನು. ಗಂಡನ ತಾಯಿ ಮಾತು ಮುಗಿಸುವ ಮೊದಲೇ ಅಪ್ಪ ತಲೆಯಾಡಿಸಿದ. "ಹೌದ್ರಿ, ನೀವ ಹೇಳೂದ ಬರೋಬರಿ ಐತಿ. ಇನ್ನ ಓದಿ ಏನ ಮಾಡ್ತಾಳ" ಎಂದ. ನಾನು ಚಹಾದ ಕಪ್ಪು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಆಗ ನನಗೆ ಅಳು ಬಂತು, ಅಪ್ಪನಿಗಾಗಿ ಅಲ್ಲ, ಓದಿಗಾಗಿಯೂ ಅಲ್ಲ. ಸೋದರತ್ತೆ ಕೊಟ್ಟಿಗೆಯಲ್ಲಿ ಹೇಳಿದ್ದು ಒಂದು ಅಕ್ಷರವೂ ತಪ್ಪಿರಲಿಲ್ಲ, ಅದನ್ನು ಹೇಳಲು ಅವಳು ಇರಲಿಲ್ಲ...

ಈಗ ಅದೇ ಪಡಸಾಲೆಯ ಗೋಡೆಯ ಮೇಲೆ ಅವಳ ಫೋಟೊ ಹಾಕಿದ್ದಾರೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಅಜ್ಜಿಯ ಕೈರುಚಿ'. ಅದರ ಪಕ್ಕದಲ್ಲಿ ಚಪಾತಿಯ ದೊಡ್ಡ ಚಿತ್ರ, ಕಾಕಂಬಿ ಕೆಳಗೆ, ಕೆನೆ ಮೇಲೆ. ಮೊಮ್ಮಗನನ್ನು ಕರೆದು ಇದೇನೆಂದು ಕೇಳಿದೆ. "ಕೆನಿ ಮ್ಯಾಲ ಇದ್ರ ಫೋಟೋಕ ಚಲೋ ಕಾಣತೈತಿ ಚಿಗವ್ವ" ಎಂದ. ನನ್ನನ್ನು ಚಿಗವ್ವ, ಚಿಕ್ಕಮ್ಮ, ಎನ್ನುತ್ತಾನೆ. ಆ ಬೇಸಿಗೆ ಬೇರೆ ರೀತಿಯಲ್ಲಿ ಮುಗಿದಿದ್ದರೆ ಅವ್ವ ಎನ್ನುತ್ತಿದ್ದ.

ಬಂದವರೆಲ್ಲ ಕೈ ಎತ್ತಿದ್ದಾಯಿತು. ರಾಯಬಾಗ ಗೆದ್ದಿತ್ತು. ಕೊನೆಗೆ ಮೊಮ್ಮಗ ನನ್ನ ಕಡೆ ತಿರುಗಿ, ನಮ್ಮ ಮನೆಯ ಹಿರಿಯರು ಈಗ ಹೇಳುತ್ತಾರೆ ಎಂದ. ಮೊಬೈಲುಗಳೆಲ್ಲ ನನ್ನ ಕಡೆ ಎದ್ದವು. ರಾಯಬಾಗದ್ದೇ ಎಂದು ನಕ್ಕು ಸುಮ್ಮನಾಗುವುದು ಸುಲಭವಿತ್ತು. ಅಪ್ಪನ ಮಗಳು ನಾನು, ನನಗೆ ಅದು ಬರುತ್ತದೆ.

ಎದ್ದು ನಿಂತೆ. "ಅಥಣಿದ ಸರಿ," ಎಂದೆ, "ಈ ಫೋಟೋದಾಗಿನ ನಿಮ್ಮಜ್ಜಿ ಸಾಯೂತನಕ ಕೆನಿ ಮೊದಲ ಹಚ್ಚಿ ತಿಂದಾಕಿ. ನೀವು ಬರೆದದ್ದು ಸುಳ್ಳ." ಯಾರಾದರೂ ಎದುರು ಮಾತಾಡಲಿ ಎಂದು ಸುತ್ತ ನೋಡಿದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಇದೂ ಆಟದ ಭಾಗವೆಂದು ತಿಳಿದಿದ್ದರು. ಪಟಗಾದವನೊಬ್ಬನೇ ತಲೆ ತಗ್ಗಿಸಿ ಚಹಾ ನೋಡುತ್ತಿದ್ದ.

ಪುಣೆಯ ಹೆಣ್ಣುಮಗಳೊಬ್ಬಳು ಹತ್ತಿರ ಬಂದು, ವಿಡಿಯೊ ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಹೇಳುತ್ತೀರಾ ಎಂದು ಕೇಳಿದಳು. ಹೇಳಿದೆ. ಆ ಮನೆಯಲ್ಲಿ ಸೋದರತ್ತೆಯ ಪರವಾಗಿ ಯಾರೂ ಒಮ್ಮೆಯೂ ಹೇಳಿರಲಿಲ್ಲ, ಎರಡು ಸಲ ಹೇಳಿದರೆ ಹೆಚ್ಚೇನೂ ಆಗುವುದಿಲ್ಲ. ಕೇಳಬೇಕಾಗಿದ್ದವಳು ಗೋಡೆಯ ಮೇಲಿದ್ದಳು.